ಕೈಯಾರೆ ಬೆಳೆಸಿದ ಇಲಿಮರಿಯನ್ನು ಸಾಕು ಇಲಿಗಳ ಜೊತೆ ಬಿಡಬಹುದಾ?

ಕಿಟಕಿಪಕ್ಕ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ನನ್ನ ಹತ್ತಿರ ಎರಡು ಬಿಳಿ ಸಾಕು ಇಲಿಗಳಿವೆ. ಹತ್ತಿ ಮತ್ತು ಮುತ್ತು. ಎರಡೂ ಹೆಣ್ಣು, ಒಂದೇ ಸೂಲಿನವು. ವಯಸ್ಸು ಎಂಟು ತಿಂಗಳು. ಏಳು ವಾರದ ಹಿಂದೆ ಅಟ್ಟದ ಮೇಲಿನ ಹಳೇ ಪೆಟ್ಟಿಗೆ ಸರಿಸಿದಾಗ ಹಿಂದುಗಡೆ ಕಾಗದದ ಚೂರಿನ ಗೂಡು ಕಂಡಿತು. ಒಳಗೆ ಒಂದೇ ಒಂದು ಮರಿ. ಮೈಮೇಲೆ ಕೂದಲು ಬಂದಿತ್ತು, ಕಣ್ಣು ಬಿಟ್ಟಿರಲಿಲ್ಲ. ತಾಯಿ ಬಂದು ಎತ್ತಿಕೊಂಡು ಹೋಗಲಿ ಅಂತ ದೀಪ ಆರಿಸಿ ಇಳಿದು ಬಂದೆ. ನಾಲ್ಕು ಗಂಟೆ ಬಿಟ್ಟು ಹೋಗಿ ಮುಟ್ಟಿದರೆ ತಣ್ಣಗಾಗಿತ್ತು. ಎರಡು ಅಂಗೈ ನಡುವೆ ಇಟ್ಟುಕೊಂಡು ಕೂತೆ. ಅರ್ಧ ಗಂಟೆಯಾದ ಮೇಲೆ ಕಾಲು ಆಡಿಸಿತು.

ಬೆಕ್ಕಿನ ಮರಿಗಳಿಗೆ ಕೊಡುವ ಹಾಲಿನ ಪುಡಿ ಮನೆಯಲ್ಲಿತ್ತು. ಅದನ್ನು ಕಲಸಿ, ಚಿತ್ರ ಬಿಡಿಸುವ ಸಣ್ಣ ಬ್ರಷ್ಷಿನ ತುದಿಯಿಂದ ನೆಕ್ಕಿಸಿದೆ. ಎರಡು ಗಂಟೆಗೊಮ್ಮೆ, ರಾತ್ರಿಯೂ. ನಾಲ್ಕನೇ ದಿನ ಕಣ್ಣು ಬಿಟ್ಟಿತು. ಹೆಸರು ಚೋಟು.

ಮೊದಲ ಒಂದು ತಿಂಗಳು ಚೋಟು ನನ್ನ ತೋಳಿನೊಳಗೇ ನಿದ್ದೆ ಮಾಡುತ್ತಿತ್ತು. ಈಗ ಎರಡು ವಾರದಿಂದ ಕೈ ಇಟ್ಟರೆ ಸಾಕು, ಡಬ್ಬದ ಗೋಡೆಯಿಂದ ಗೋಡೆಗೆ ಹಾರುತ್ತದೆ. ಮೊನ್ನೆ ಕಚ್ಚಿತು, ರಕ್ತ ಬಂತು. ನಾನೇನು ತಪ್ಪು ಮಾಡಿದೆ ಅಂತ ತಿಳಿಯುತ್ತಿಲ್ಲ. ಒಂಟಿತನದಿಂದ ಹೀಗಾಗಿದೆಯಾ? ಹತ್ತಿ, ಮುತ್ತು ಜೊತೆ ಬಿಟ್ಟರೆ ಸರಿಹೋಗುತ್ತದಾ? ಅದು ಕಾಡು ಇಲಿ ಅಲ್ವಾ, ಊಟ ಬೇರೆ ಕೊಡಬೇಕಾ? ಮನೆಯಲ್ಲಿ ಆರು ವರ್ಷದ ಬೆಕ್ಕೂ ಇದೆ, ಮೀಸೆ ಅಂತ. ಅದನ್ನು ಇಲಿಗಳ ಕೋಣೆಗೆ ಬಿಡುವುದಿಲ್ಲ, ಆದರೆ ಬಾಗಿಲ ಹೊರಗೆ ಕೂತಿರುತ್ತದೆ.

ಸಂಜೆಗಾಳಿ:

ಒಂದೇ ಜಾತಿ ತಾನೇ, ಬಿಡಿ. ಎರಡು ದಿನ ಕಿತ್ತಾಡುತ್ತವೆ, ಆಮೇಲೆ ಒಂದೇ ಗೂಡಲ್ಲಿ ಮಲಗುತ್ತವೆ. ಬೆಕ್ಕಿನ ಬಗ್ಗೆಯೂ ಅಷ್ಟು ಹೆದರಬೇಡಿ. ಬೆಕ್ಕಿನ ಬೆನ್ನ ಮೇಲೆ ಇಲಿ ಮಲಗಿರುವ ವಿಡಿಯೋ ನಾನೇ ಎಷ್ಟೋ ನೋಡಿದ್ದೇನೆ. ಪ್ರೀತಿಯಿಂದ ಅಭ್ಯಾಸ ಮಾಡಿಸಿದರೆ ಎಲ್ಲ ಪ್ರಾಣಿಗಳೂ ಹೊಂದಿಕೊಳ್ಳುತ್ತವೆ.

ಹುಲ್ಲುಗೂಡು:

ಕಿಟಕಿಪಕ್ಕ ಅವರೇ, ದಯವಿಟ್ಟು ಈ ರಾತ್ರಿ ಬಿಟ್ಟುಬಿಡಬೇಡಿ. ನಾನು ಹನ್ನೊಂದು ವರ್ಷದಿಂದ ಇಲಿ ಸಾಕುತ್ತಿದ್ದೇನೆ. ಕಣ್ಣು ಬಿಡದ ಮರಿಗಳನ್ನು ಉಳಿಸಲು ಏಳು ಸಲ ನೋಡಿದ್ದೇನೆ, ಎರಡು ಸಲ ಮಾತ್ರ ಉಳಿದವು. ಡ್ರಾಪರ್‌ನಲ್ಲಿ ಹಾಲು ಬಿಟ್ಟರೆ ಶ್ವಾಸಕ್ಕೆ ಹೋಗಿಬಿಡುತ್ತದೆ. ನಿಮಗೆ ಬ್ರಷ್ ಹೊಳೆದದ್ದು ದೊಡ್ಡದು. ಅಷ್ಟು ಕಷ್ಟಪಟ್ಟು ಉಳಿಸಿದ ಜೀವ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ನೀವು ಏನೂ ತಪ್ಪು ಮಾಡಿಲ್ಲ. ಚೋಟುಗೆ ಈಗ ಎರಡು ತಿಂಗಳು ಆಗಿರಬೇಕು. ಇಲಿಯ ಕಣ್ಣು ತೆರೆಯುವುದು ಸುಮಾರು 13, 14ನೇ ದಿನ. 21ನೇ ದಿನಕ್ಕೆ ಹಾಲು ಬಿಡುತ್ತದೆ. ಐದರಿಂದ ಎಂಟು ವಾರದೊಳಗೆ ಪ್ರಾಯಕ್ಕೆ ಬರುತ್ತದೆ. ಪ್ರಾಯಕ್ಕೆ ಬಂದ ಇಲಿ ಮೇಲಿಂದ ಇಳಿಯುವ ಯಾವ ಕೈಯನ್ನೂ ಹದ್ದು, ಗೂಬೆಯ ಕಾಲಿನಂತೆಯೇ ನೋಡುತ್ತದೆ. ನಾನು ಉಳಿಸಿದ ಎರಡೂ ಮರಿಗಳು ಆರನೇ ವಾರದಲ್ಲಿ ಹೀಗೇ ಬದಲಾದವು. ನಾನೂ ಅತ್ತಿದ್ದೆ.

ಕಾಡು ಇಲಿ ಅಂತ ಬರೆದಿದ್ದೀರಿ. ಅಟ್ಟದ ಪೆಟ್ಟಿಗೆ ಹಿಂದೆ ಕಾಗದದ ಗೂಡು ಅಂದರೆ ಬಹುಶಃ ಮನೆ ಇಲಿಯೇ, ಸುಂಡಿಲಿ. ನಿಮ್ಮ ಹತ್ತಿ, ಮುತ್ತು ಕೂಡ ಅದೇ ಜಾತಿಯಿಂದ ಬಂದವು. ಇಂಗ್ಲೆಂಡಿನಲ್ಲಿ ಸಾಕು ಇಲಿ ಇಷ್ಟಪಡುವವರು 1895ರಲ್ಲೇ ನ್ಯಾಷನಲ್ ಮೌಸ್ ಕ್ಲಬ್ ಕಟ್ಟಿಕೊಂಡಿದ್ದರು. ಅಂಥವರು ತಲೆಮಾರುಗಳ ಕಾಲ ಸೌಮ್ಯವಾದ ಇಲಿಗಳನ್ನೇ ಆರಿಸಿ ಆರಿಸಿ ಮರಿ ಮಾಡಿಸಿದ ಫಲವೇ ಇವತ್ತಿನ ಸಾಕು ಇಲಿ. ಕೈಗೆ ಬರುವ ಗುಣ ಅವುಗಳ ರಕ್ತದಲ್ಲಿದೆ. ಚೋಟು ತಾಯಿ, ಅಜ್ಜಿ ಎಲ್ಲ ಓಡಿ ಓಡಿಯೇ ಉಳಿದವರು. ನೀವು ಹಾಲು ಕೊಟ್ಟಿರಿ, ಅದರಿಂದ ಆ ಓಟ ಹೋಗುವುದಿಲ್ಲ.

ಆದರೂ ಒಂದು ಅನುಮಾನ ಪರಿಹಾರ ಆಗಬೇಕು. ಅದು ಇಲಿಯೋ, ಹೆಗ್ಗಣದಂಥ ದೊಡ್ಡ ಜಾತಿಯ ಮರಿಯೋ? ದೊಡ್ಡ ಜಾತಿಯ ಮರಿಗೆ ಮೈಗಿಂತ ತಲೆ ದೊಡ್ಡದು ಅನ್ನಿಸುತ್ತದೆ, ಹಿಂಗಾಲು ಉದ್ದ, ಬಾಲ ಬುಡದಲ್ಲಿ ದಪ್ಪ. ಚೂಪು ಮೂಗು, ಮಣಿಯಂಥ ಕಣ್ಣು, ಮೂಗು ಮುಚ್ಚುವಂಥ ವಾಸನೆ ಇದ್ದರೆ ಅದು ಮೂಗಿಲಿ. ಮೂಗಿಲಿ ಇಲಿಯೇ ಅಲ್ಲ, ಹುಳ ತಿನ್ನುವ ಬೇರೆ ಬಳಗ. ಅಡುಗೆಮನೆ ತಕ್ಕಡಿಯಲ್ಲಿ ಡಬ್ಬ ಸಮೇತ ತೂಗಿ ಹೇಳಿ. ಬೆಳೆದ ಮನೆ ಇಲಿ 12ರಿಂದ 30 ಗ್ರಾಂ ಒಳಗೇ ಇರುತ್ತದೆ. ಗಂಡೋ ಹೆಣ್ಣೋ ಅದನ್ನೂ ನೋಡಿ. ಮೂತ್ರ ಬರುವ ಜಾಗಕ್ಕೂ ಹಿಂದಿನ ದ್ವಾರಕ್ಕೂ ನಡುವೆ ಗಂಡಿನಲ್ಲಿ ಜಾಸ್ತಿ ಅಂತರ ಇರುತ್ತದೆ, ಹೆಣ್ಣಿನಲ್ಲಿ ಕಡಿಮೆ. ಪಾರದರ್ಶಕ ಡಬ್ಬದಲ್ಲಿ ಇಟ್ಟು ಕೆಳಗಿನಿಂದ ನೋಡಿದರೆ ಕಾಣುತ್ತದೆ, ಹಿಡಿಯಬೇಕಿಲ್ಲ.

ಇದು ಸುಮ್ನೆ ಕೇಳುತ್ತಿರುವುದಲ್ಲ. ಚೋಟು ಗಂಡಾಗಿದ್ದು ಜೊತೆಗೆ ಬಿಟ್ಟರೆ ಮೂರು ವಾರದಲ್ಲಿ ಎರಡು ಸೂಲು ಮರಿ ಇರುತ್ತವೆ. ಇಲಿಯ ಗರ್ಭ 19ರಿಂದ 21 ದಿನ. ಹೆತ್ತ ಒಂದು ದಿನದೊಳಗೆ ಮತ್ತೆ ಗಬ್ಬವಾಗಬಹುದು. ನನ್ನ ಮೂರನೇ ವರ್ಷದಲ್ಲಿ ಒಂದು ಗಂಡು ಪಂಜರದ ಸರಳಿನ ಸಂದಿಯಿಂದ ನುಸುಳಿ ಪಕ್ಕದ ಹೆಣ್ಣುಗಳ ಪಂಜರಕ್ಕೆ ಹೋಗಿತ್ತು. ಒಂದೇ ರಾತ್ರಿ. ಹದಿನೇಳು ಮರಿ ಹುಟ್ಟಿದವು. ಆರು ಮಿಲಿಮೀಟರ್ ಸಂದಿ ಇಲಿಗೆ ಬಾಗಿಲು. ನಿಮ್ಮ ಪಂಜರದ ಸರಳುಗಳನ್ನೂ ಅಳೆದು ನೋಡಿ.

ಇನ್ನು "ಎರಡು ದಿನ ಕಿತ್ತಾಡುತ್ತವೆ" ಅನ್ನುವ ಮಾತು. ಇಲಿಗೆ ಕಣ್ಣು ಮಂದ, ಎಲ್ಲವೂ ವಾಸನೆ. ಎದುರಿಗೆ ಬಂದದ್ದು ಗಂಡೋ ಹೆಣ್ಣೋ, ಗೂಡಿನದೋ ಹೊರಗಿನದೋ, ಎಲ್ಲ ಮೂತ್ರದ ವಾಸನೆಯಿಂದಲೇ ಗೊತ್ತಾಗುತ್ತದೆ. ಹಿಲ್ಡಾ ಬ್ರೂಸ್ ಎಂಬ ವಿಜ್ಞಾನಿ 1959ರಲ್ಲಿ ತೋರಿಸಿದ್ದೇನು ಗೊತ್ತಾ? ಹೊಸದಾಗಿ ಗಬ್ಬವಾದ ಹೆಣ್ಣಿಲಿಗೆ ಅಪರಿಚಿತ ಗಂಡಿನ ವಾಸನೆ ತಗುಲಿದರೆ ಸಾಕು, ಗರ್ಭ ನಿಲ್ಲದೇ ಹೋಗಬಹುದು. ವಾಸನೆಗೆ ಅಷ್ಟು ಬಲ. ಇಬ್ಬರು ಬೆಳೆದ ಗಂಡುಗಳ ನಡುವೆಯಂತೂ ಜಗಳ ಸಾವಿನವರೆಗೂ ಹೋಗುತ್ತದೆ. ಮೊದಲು ಬಾಲ ಪಟಪಟ ನೆಲಕ್ಕೆ ಬಡಿಯುತ್ತದೆ, ಆಮೇಲೆ ಬೆನ್ನಿಗೆ, ಬಾಲದ ಬುಡಕ್ಕೆ ಕಚ್ಚು. ಬಾಲದ ಆ ಸದ್ದು ಒಮ್ಮೆ ಕೇಳಿದವರು ಮರೆಯುವುದಿಲ್ಲ. ಹೆಣ್ಣುಗಳು ಗುಂಪಾಗಿ ಚೆನ್ನಾಗಿರುತ್ತವೆ, ಆದರೆ ಹೊಸ ಹೆಣ್ಣನ್ನೂ ನಿಧಾನವಾಗಿ, ಯಾರ ವಾಸನೆಯೂ ಇಲ್ಲದ ಹೊಸ ಜಾಗದಲ್ಲಿ ಸೇರಿಸಬೇಕು.

ಸಂಜೆಗಾಳಿ ಅವರೇ, ಬೆಕ್ಕಿನ ಮಾತಿಗೆ ಬರುತ್ತೇನೆ. 1930ರಲ್ಲಿ ಜಿಂಗ್-ಯಾಂಗ್ ಕುವೋ ಎಂಬ ಚೀನಾದ ಮನೋವಿಜ್ಞಾನಿ ಬೆಕ್ಕಿನ ಮರಿಗಳನ್ನು ದೊಡ್ಡ ಜಾತಿಯ ಇಲಿಗಳ ಜೊತೆಗೇ ಬೆಳೆಸಿ ನೋಡಿದ್ದರು. ಜೊತೆಗೆ ಬೆಳೆದವನ್ನು ಆ ಬೆಕ್ಕುಗಳು ಕೊಲ್ಲಲಿಲ್ಲ ನಿಜ. ಆದರೆ ಬೇರೆ ಬಗೆಯ ಇಲಿ ಎದುರಿಗೆ ಬಂದಾಗ ಕೆಲವು ಕೊಂದವು. ಮೀಸೆಗೆ ಆರು ವರ್ಷ. ಅದು ಇಲಿಗಳ ಜೊತೆ ಬೆಳೆದದ್ದಲ್ಲ. ವಿಡಿಯೋದಲ್ಲಿ ಬೆಕ್ಕಿನ ಮೇಲೆ ಅಲ್ಲಾಡದೆ ಕೂತ ಇಲಿ ಹಾಯಾಗಿದೆ ಅಂತ ನಮಗೆ ಅನ್ನಿಸುತ್ತದೆ. ಹೆದರಿದ ಇಲಿ ಮೊದಲು ಮಾಡುವುದೇ ಅಲ್ಲಾಡದೆ ಕೂರುವುದು. ಬೆಕ್ಕನ್ನೇ ನೋಡದ ಇಲಿಯೂ ಬೆಕ್ಕಿನ ವಾಸನೆಗೆ ಹೆದರುತ್ತದೆ, ಕಲಿಯಬೇಕಿಲ್ಲ. ಕಿಟಕಿಪಕ್ಕ ಅವರೇ, ಮೀಸೆಯನ್ನು ಮುದ್ದಿಸಿದ ಕೈ ತೊಳೆಯದೆ ಚೋಟು ಡಬ್ಬಕ್ಕೆ ಇಡುತ್ತಿದ್ದೀರಾ? ಕಚ್ಚಿದ್ದಕ್ಕೆ ಅದೂ ಕಾರಣ ಇರಬಹುದು. ಬಾಗಿಲ ಹೊರಗೆ ಕೂರುವುದನ್ನೂ ತಪ್ಪಿಸಿ, ಬೇರೆ ಕೋಣೆ ಇದ್ದರೆ ನೋಡಿ.

ಬೇರೆ ಪ್ರಾಣಿಗಳ ವಿಷಯ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ದೊಡ್ಡ ಜಾತಿಯ ಸಾಕು ಇಲಿ, ಇಂಗ್ಲಿಷಿನಲ್ಲಿ ರ‍್ಯಾಟ್ ಅನ್ನುತ್ತಾರಲ್ಲ, ನನ್ನ ಹತ್ತಿರ ಒಂದಿತ್ತು. ಹೆಗಲ ಮೇಲೆ ಕೂತು ನನ್ನ ಕಿವಿ ನೆಕ್ಕುವಷ್ಟು ಸಾಧು. ಪಂಜರ ತೊಳೆಯುವಾಗ ಒಂದು ಸುಂಡಿಲಿ ತಪ್ಪಿಸಿಕೊಂಡು ಅದರ ಹತ್ತಿರ ಹೋಯಿತು. ನಾನು ಬಕೆಟ್ ಇಟ್ಟು ತಿರುಗುವುದರೊಳಗೆ ಮುಗಿದಿತ್ತು. ರ‍್ಯಾಟ್‌ಗೆ ಸುಂಡಿಲಿ ಬೇಟೆ. ಹ್ಯಾಮ್‌ಸ್ಟರ್ ಒಂಟಿಯಾಗಿ ಬದುಕುವ ಪ್ರಾಣಿ, ಅದೂ ಬಿಡುವುದಿಲ್ಲ. ಗಿನಿಪಿಗ್ ಕೊಲ್ಲುವುದಿಲ್ಲ, ಆದರೆ ಅದರ ಊಟ ಬೇರೆ. ಅದಕ್ಕೆ ವಿಟಮಿನ್ ಸಿ ತಿನ್ನಿಸಲೇಬೇಕು, ಇಲಿ ತನ್ನ ಮೈಯಲ್ಲೇ ಮಾಡಿಕೊಳ್ಳುತ್ತದೆ. ಹಕ್ಕಿ ಗೂಡಿನ ಹತ್ತಿರವೂ ಬೇಡ, ಹಿಕ್ಕೆ ಕಾಳಿಗೆ ಬಿದ್ದರೆ ಸಾಲ್ಮೊನೆಲ್ಲಾ ಎಂಬ ಹೊಟ್ಟೆಯ ಸೋಂಕು ಬರಬಹುದು.

ಕೊನೆಗೆ ಒಂದು ಪ್ರಶ್ನೆ, ಇದಕ್ಕೆ ಮೊದಲು ಉತ್ತರ ಕೊಡಿ. ಮನೆಯಲ್ಲಿ ಯಾರಾದರೂ ಗರ್ಭಿಣಿ ಇದ್ದಾರಾ?

ಕಿಟಕಿಪಕ್ಕ:

ಅಕ್ಕ, ತುಂಬ ಥ್ಯಾಂಕ್ಸ್. ಈಗಷ್ಟೇ ತೂಗಿದೆ, 17 ಗ್ರಾಂ. ಬಾಲ ಮೈಯಷ್ಟೇ ಉದ್ದ, ತೆಳ್ಳಗಿದೆ. ಮೇಲೆ ಕಂದು ಬೂದು, ಹೊಟ್ಟೆ ಸ್ವಲ್ಪ ತಿಳಿ. ಗಂಡು, ಕೆಳಗಿನಿಂದ ನೋಡಿದರೆ ಅನುಮಾನವೇ ಇಲ್ಲ. ನಿಮ್ಮ ಉತ್ತರ ಬರುವ ಮುಂಚೆ ಈ ಶನಿವಾರ ಒಟ್ಟಿಗೆ ಬಿಡೋಣ ಅಂದುಕೊಂಡಿದ್ದೆ.

ಕೈ ವಿಷಯ ನಿಜ. ಕಚ್ಚಿದ ದಿನ ಮೀಸೆಗೆ ಬಾಚಿ ಬಂದು ನೇರ ಡಬ್ಬಕ್ಕೆ ಕೈ ಹಾಕಿದ್ದೆ.

ಅತ್ತಿಗೆಗೆ ಐದನೇ ತಿಂಗಳು. ನಮ್ಮ ಜೊತೆಗೇ ಇದ್ದಾರೆ. ಇಲಿಗಳ ಕೋಣೆ ಅವರ ಕೋಣೆಯ ಪಕ್ಕದಲ್ಲೇ. ಯಾಕೆ ಕೇಳಿದಿರಿ? ನನಗೆ ಈಗ ಭಯ ಆಗುತ್ತಿದೆ.

ಬಿಳಿಕೋಟು:

ನಾನು ಪ್ರಾಣಿಗಳ ಆಸ್ಪತ್ರೆಯಲ್ಲಿ ಸಹಾಯಕನಾಗಿದ್ದೇನೆ. ಹುಲ್ಲುಗೂಡು ಅವರು ಕೇಳಿದ್ದು ಎಲ್‌ಸಿಎಂ ವೈರಸ್ ಕಾರಣಕ್ಕೆ. ಇದು ಮುಖ್ಯವಾಗಿ ಮನೆ ಇಲಿಯಲ್ಲಿ ಇರುವ ವೈರಸ್. ಮೂತ್ರ, ಹಿಕ್ಕೆ, ಜೊಲ್ಲು, ಗೂಡಿನ ಧೂಳಿನಿಂದ ಬರುತ್ತದೆ. ಆರೋಗ್ಯವಾಗಿರುವವರಿಗೆ ಜ್ವರದಂತೆ ಬಂದು ಹೋಗಬಹುದು, ಗೊತ್ತೂ ಆಗದೇ ಇರಬಹುದು. ಗರ್ಭಿಣಿಗೆ ತಗುಲಿದರೆ ಮಗುವಿನ ಮೆದುಳು, ಕಣ್ಣಿಗೆ ತೊಂದರೆ ಆಗಬಹುದು, ಗರ್ಭಪಾತವೂ ಆಗಬಹುದು.

ತಾಯಿ ಹೊಟ್ಟೆಯಲ್ಲೇ ಸೋಂಕು ತಗುಲಿದ ಇಲಿಗೆ ಕಾಯಿಲೆಯ ಗುರುತೇ ಕಾಣುವುದಿಲ್ಲ, ಆದರೆ ಜೀವನವಿಡೀ ವೈರಸ್ ಹೊರಗೆ ಹಾಕುತ್ತದೆ. ಅದಕ್ಕೇ "ಮೂರು ವಾರ ಬೇರೆ ಇಟ್ಟೆ, ಚೆನ್ನಾಗಿದೆ" ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಗಾಬರಿ ಆಗಬೇಡಿ. ಚೋಟುಗೆ ಇದೆ ಅಂತ ನಾನು ಹೇಳುತ್ತಿಲ್ಲ, ಎಲ್ಲ ಇಲಿಗಳಲ್ಲೂ ಇರುವುದಿಲ್ಲ. ಆದರೆ ಅತ್ತಿಗೆ ತಮ್ಮ ವೈದ್ಯರಿಗೆ ಮನೆಯಲ್ಲಿ ಇಲಿಗಳಿವೆ ಅಂತ ನಾಳೆಯೇ ಹೇಳಲಿ. ಆ ಕೋಣೆಗೆ ಹೋಗುವುದು, ಪಂಜರ ತೊಳೆಯುವುದು ಅವರು ಮಾಡಬಾರದು. ಮೂರೂ ಇಲಿಗಳು ಜನ ಓಡಾಡುವ ಜಾಗದಿಂದ ದೂರ ಇರಲಿ, ಸಾಕು ಇಲಿಗಳೂ. ನಿಮ್ಮ ಕಚ್ಚಿದ ಗಾಯವನ್ನು ವೈದ್ಯರಿಗೆ ತೋರಿಸಿದಿರಾ? ತೋರಿಸಿ.

ಅಟ್ಟದ ಗೂಡು ಇನ್ನೂ ಹಾಗೇ ಇದ್ದರೆ ಒಣ ಪೊರಕೆಯಲ್ಲಿ ಗುಡಿಸಬೇಡಿ, ಧೂಳು ಏಳುತ್ತದೆ. ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ಚೆನ್ನಾಗಿ ನೆನೆಸಿ, ಐದು ನಿಮಿಷ ಬಿಟ್ಟು, ಗ್ಲೌಸ್ ಹಾಕಿಕೊಂಡು ಒರೆಸಿ ತೆಗೆಯಿರಿ.

ಸಂಜೆಗಾಳಿ:

ನನಗೆ ಇದೆಲ್ಲ ಗೊತ್ತಿರಲಿಲ್ಲ. ನನ್ನ ಮಾತು ಕೇಳಿ ಬಿಟ್ಟಿದ್ದರೆ ಏನಾಗುತ್ತಿತ್ತೋ. ಕ್ಷಮಿಸಿ ಕಿಟಕಿಪಕ್ಕ ಅವರೇ. ಹುಲ್ಲುಗೂಡು ಅವರೇ, ಒಂದು ಕೇಳಲಾ? ಹಾಗಾದರೆ ಚೋಟುವನ್ನು ಹೊರಗೆ ಬಿಟ್ಟುಬಿಡುವುದು ಒಳ್ಳೆಯದಲ್ವಾ?

ಹುಲ್ಲುಗೂಡು:

ಒಳ್ಳೆಯ ಪ್ರಶ್ನೆ. ಕ್ಷಮೆ ಯಾಕೆ, ನಾನೂ ಮೊದಲ ವರ್ಷ ಹಾಗೇ ಅಂದುಕೊಂಡಿದ್ದವಳು.

ಮನೆ ಇಲಿ ಬದುಕುವುದು ಮನುಷ್ಯರ ಗೋಡೆ, ಕಣಜದ ಆಸುಪಾಸಿನಲ್ಲಿ. ಗೂಡಿನಿಂದ ಸಾಮಾನ್ಯವಾಗಿ ಹತ್ತು ಮೀಟರ್ ಒಳಗೇ ಅದರ ಲೋಕ. ಚೋಟುವನ್ನು ಪೊದೆಗೆ ಬಿಟ್ಟರೆ ಅಡಗುವ ಜಾಗ ಗೊತ್ತಿಲ್ಲ, ತಾಯಿ ಕಲಿಸಿಲ್ಲ. ಅಲ್ಲಿನ ಗಂಡು ತನ್ನ ಜಾಗಕ್ಕೆ ಸೇರಿಸುವುದಿಲ್ಲ. ಇನ್ನೊಬ್ಬರ ಮನೆ ಹತ್ತಿರ ಬಿಟ್ಟರೆ ಅಲ್ಲಿ ವಿಷವೋ ಅಂಟು ಹಲಗೆಯೋ ಕಾದಿರುತ್ತದೆ. ಅಂಟು ಹಲಗೆಗೆ ಸಿಕ್ಕ ಇಲಿಯನ್ನು ನಾನು ಬಿಡಿಸಿದ್ದೇನೆ, ಅದರ ಬಗ್ಗೆ ಬರೆಯಲಾರೆ. ಬಯಲಿನಲ್ಲೇ ಬದುಕುವ ಜಾತಿಯ ಇಲಿಯಾಗಿದ್ದರೆ ನಾನು ಬೇರೆ ಹೇಳುತ್ತಿದ್ದೆ. ಚೋಟುವನ್ನು ಇಟ್ಟುಕೊಳ್ಳುವುದೇ ಸರಿ. ಕಾಡಿನಲ್ಲಿ ಒಂದು ವರ್ಷ ದಾಟುವುದು ಕಷ್ಟ, ನಿಮ್ಮ ಹತ್ತಿರ ಎರಡು ವರ್ಷ ಇರಬಹುದು.

ಕಿಟಕಿಪಕ್ಕ ಅವರೇ, ಹೊರಗೆ ಪ್ರತ್ಯೇಕ ಶೆಡ್ ಥರದ್ದು ಇದೆಯಾ? ಬಿಸಿಲು, ಮಳೆ, ಬೆಕ್ಕು ಬಾರದ ಜಾಗ. ಇದ್ದರೆ ಮೂರನ್ನೂ ಅಲ್ಲಿಗೆ ಸಾಗಿಸಿ. ಚೋಟು ಪಂಜರ ಹತ್ತಿ, ಮುತ್ತು ಪಂಜರದಿಂದ ಆದಷ್ಟು ದೂರ ಇರಲಿ, ಬಟ್ಟಲು, ಹಾಸು ಯಾವುದೂ ಅದಲುಬದಲು ಆಗಬಾರದು. ಮೊದಲು ಹೆಣ್ಣುಗಳ ಕೆಲಸ, ಕೊನೆಗೆ ಚೋಟು, ಆಮೇಲೆ ಸೋಪು ಹಾಕಿ ಕೈ.

ಚೋಟು ಒಂಟಿಯಾಗಿ ಕೊರಗುತ್ತಾನೆ ಅಂತ ನೋಯಬೇಡಿ. ಬೆಳೆದ ಗಂಡಿಲಿಗೆ ತನ್ನದೇ ಜಾಗ ಇರುವುದು ಇಷ್ಟ. ಅವನಿಗೆ ಬೇಕಾದದ್ದು ಕೆಲಸ. ಆಳವಾದ ಹಾಸು ಹಾಕಿ, ಒಂದು ಗೇಣು. ದೇವದಾರು, ಪೈನ್ ಮರದ ಹೊಟ್ಟು ಬೇಡ, ಆ ಘಾಟು ಶ್ವಾಸಕ್ಕೆ ಆಗುವುದಿಲ್ಲ. ಕಾಗದದ ಹಾಸು ಸಾಕು. ಒಂದು ಓಡುವ ಚಕ್ರ ಕೊಡಿ, ಸರಳಿನದಲ್ಲ, ನೆಲ ಗಟ್ಟಿ ಇರುವುದು. ಚಕ್ರ ಅಂದರೆ ಸೆರೆಯಾದ ಪ್ರಾಣಿಯ ಹುಚ್ಚು ಅಂತ ಕೆಲವರು ಹೇಳುತ್ತಾರೆ. ನೆದರ್ಲೆಂಡ್ಸ್‌ನ ಲೈಡನ್ನಿನ ವಿಜ್ಞಾನಿಗಳು ಬಯಲಲ್ಲಿ ಸುಮ್ಮನೆ ಚಕ್ರ ಇಟ್ಟು ಕ್ಯಾಮೆರಾ ಹಚ್ಚಿದರು. 2014ರಲ್ಲಿ ಪ್ರಕಟವಾಯಿತು. ಯಾರ ಬಂಧನದಲ್ಲೂ ಇಲ್ಲದ ಇಲಿಗಳು ತಾವೇ ಬಂದು ಓಡಿ ಹೋಗಿದ್ದವು. ನನಗೆ ಅದನ್ನು ಓದಿದಾಗ ಆದ ಖುಷಿ ಹೇಳತೀರದು.

ಎತ್ತಲು ಕೈ ಬಳಸಬೇಡಿ. ಬಾಲ ಹಿಡಿದಂತೂ ಎತ್ತಲೇಬಾರದು, ತುದಿಯ ಚರ್ಮ ಸುಲಿದು ಬರುತ್ತದೆ. ರಟ್ಟಿನ ಕೊಳವೆ ಒಳಗಿಡಿ. ಅವನೇ ಒಳಗೆ ಹೋಗುತ್ತಾನೆ, ಕೊಳವೆ ಸಮೇತ ಎತ್ತಿ. 2010ರಲ್ಲಿ ಲಿವರ್‌ಪೂಲ್ ವಿಶ್ವವಿದ್ಯಾಲಯದವರು ಹೋಲಿಸಿ ನೋಡಿದ್ದರು. ಕೊಳವೆಯಲ್ಲಿ ಎತ್ತಿದ ಇಲಿಗಳಿಗೆ ಬಾಲ ಹಿಡಿದು ಎತ್ತಿದವಕ್ಕಿಂತ ಹೆದರಿಕೆ ಎಷ್ಟೋ ಕಡಿಮೆ.

ತೊಳೆಯುವಾಗ ಹಳೇ ಗೂಡಿನ ಒಂದು ಹಿಡಿ ವಾಪಸ್ ಇಡಿ. ತನ್ನ ವಾಸನೆ ಪೂರ್ತಿ ಹೋದರೆ ಮೊದಲಿನಿಂದ ಗುರುತು ಹಾಕಲು ಶುರು ಮಾಡುತ್ತಾನೆ, ನಾತ ಇನ್ನೂ ಜಾಸ್ತಿ ಆಗುತ್ತದೆ.

ಊಟ ಮೂರಕ್ಕೂ ಒಂದೇ. ದಿನಕ್ಕೆ ಒಂದು ಇಲಿ 3ರಿಂದ 5 ಗ್ರಾಂ ತಿನ್ನುತ್ತದೆ, ಅಷ್ಟೇ. ಇಲಿಗೆಂದೇ ಮಾಡಿದ ಗಟ್ಟಿ ಉಂಡೆ ಮುಖ್ಯ ಊಟ. ಬರೀ ಕಾಳು ಮಿಶ್ರಣ ಹಾಕಿದರೆ ಸೂರ್ಯಕಾಂತಿ ಬೀಜ ಆರಿಸಿ ತಿಂದು ಉಳಿದದ್ದು ಬಿಟ್ಟು ದಪ್ಪ ಆಗುತ್ತವೆ. ಓಟ್ಸ್, ಸಣ್ಣ ಕಾಳುಗಳನ್ನು ಬಟ್ಟಲಿಗೆ ಹಾಕದೆ ಹಾಸಿನ ಮೇಲೆ ಚೆಲ್ಲಿ, ಹುಡುಕಿ ತಿನ್ನಲಿ. ವಾರಕ್ಕೆ ಒಂದೆರಡು ಸಲ ಬಟಾಣಿ ಗಾತ್ರದ ಬೇಯಿಸಿದ ಮೊಟ್ಟೆ, ಇಲ್ಲವೇ ಒಂದು ಒಣ ಹುಳ. ಹೌದು, ಇಲಿ ಹುಳ ತಿನ್ನುತ್ತದೆ, ಬರೀ ಕಾಳಿನ ಪ್ರಾಣಿ ಅಲ್ಲ. ಸೊಪ್ಪು, ಕ್ಯಾರೆಟ್ ಚೂರು ಸರಿ. ಚೀಸ್ ಬೇಕಿಲ್ಲ, ಕಥೆಗಳಲ್ಲಿ ಇರುವಷ್ಟು ಆಸೆ ಅವಕ್ಕೆ ಇಲ್ಲ. ಚಾಕೊಲೇಟ್, ಈರುಳ್ಳಿ, ಬೆಳ್ಳುಳ್ಳಿ ಕೊಡಲೇಬೇಡಿ. ಇಲಿಗೆ ವಾಂತಿ ಮಾಡಲು ಬರುವುದಿಲ್ಲ, ಒಳಗೆ ಹೋದ ವಿಷ ಹೊರಗೆ ಬರುವ ದಾರಿ ಇಲ್ಲ. ಮುಂದಿನ ಹಲ್ಲು ಜೀವನಪೂರ್ತಿ ಬೆಳೆಯುತ್ತದೆ, ಕಡಿಯಲು ಮರದ ತುಂಡು ಇರಲಿ. ನೀರು ಯಾವಾಗಲೂ.

ಕಿಟಕಿಪಕ್ಕ:

ಹತ್ತು ದಿನ ಆಯಿತು, ಏನಾಯಿತು ಅಂತ ಹೇಳಲು ಬಂದೆ.

ಅತ್ತಿಗೆ ಮರುದಿನವೇ ವೈದ್ಯರ ಹತ್ತಿರ ಹೋಗಿ ಬಂದರು. ಕೇಳಬೇಕಾದದ್ದನ್ನೆಲ್ಲ ಕೇಳಿದರು, ಪರೀಕ್ಷೆ ಬರೆದುಕೊಟ್ಟರು, ಅವರು ಆರಾಮಾಗಿದ್ದಾರೆ. ನನ್ನ ಗಾಯಕ್ಕೂ ಔಷಧಿ ಕೊಟ್ಟರು. ಅತ್ತಿಗೆ ನನ್ನ ಮೇಲೆ ಸಿಟ್ಟಾಗಲಿಲ್ಲ, ಅದೇ ನನಗೆ ಕಷ್ಟ ಆಯಿತು. ಅಣ್ಣ ಸಾಮಾನು ತುಂಬಿದ್ದ ಶೆಡ್ ಖಾಲಿ ಮಾಡಿ, ಸಂದಿಗಳಿಗೆಲ್ಲ ಉಕ್ಕಿನ ನಾರು ತುರುಕಿ ಸಿಮೆಂಟ್ ಬಳಿದ. ಅಟ್ಟದ ಗೂಡನ್ನೂ ಬಿಳಿಕೋಟು ಅವರು ಹೇಳಿದ ಹಾಗೇ ನೆನೆಸಿ ತೆಗೆದ. ಗೋಡೆ ಮೂಲೆಯಲ್ಲಿ ಪೈಪ್ ಹೋಗುವ ಕಡೆ ಕಿರುಬೆರಳು ಹಿಡಿಸುವ ತೂತು ಇತ್ತು. ಅಲ್ಲಿಂದಲೇ ಚೋಟು ತಾಯಿ ಬಂದಿರಬೇಕು.

ಶೆಡ್‌ನಲ್ಲಿ ಕೆಂಪು ಬಲ್ಬ್ ಹಾಕಿದ್ದೇವೆ. ಆ ಬೆಳಕು ಇಲಿಗೆ ಅಷ್ಟಾಗಿ ಕಾಣುವುದಿಲ್ಲ ಅಂತ ಅಣ್ಣ ಎಲ್ಲೋ ಓದಿದನಂತೆ. ಚೋಟು ಮೊದಲ ಎರಡು ರಾತ್ರಿ ಹೊರಗೇ ಬರಲಿಲ್ಲ. ಮೂರನೇ ರಾತ್ರಿ ಕೊಳವೆಯಿಂದ ಮೂಗು ಹೊರಗೆ ಹಾಕಿ ಮೀಸೆಕೂದಲು ಆಡಿಸಿದ, ಆಮೇಲೆ ಚಕ್ರ ಹತ್ತಿದ. ಒಂದು ಗಂಟೆ ಇಳಿಯಲಿಲ್ಲ. ಅವನು ಮಲಗುತ್ತಿದ್ದ ನನ್ನ ಹಳೇ ಸ್ವೆಟರಿನ ತೋಳು ಕತ್ತರಿಸಿ ಒಳಗಿಟ್ಟಿದ್ದೆ, ಎಳೆ ಎಳೆ ಬಿಡಿಸಿ ಗೂಡು ಮಾಡಿಕೊಂಡಿದ್ದಾನೆ. ನಾನೀಗ ಕೈ ಹಾಕುವುದಿಲ್ಲ. ಪಕ್ಕದಲ್ಲಿ ಕೂತು ನೋಡುತ್ತೇನೆ.

ಒಂದೇ ತೊಂದರೆ. ಚಕ್ರ ರಾತ್ರಿಯಿಡೀ ಕಿರ್ ಅನ್ನುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಹಾಕಬಹುದಾ?

ಹುಲ್ಲುಗೂಡು:

ಯಂತ್ರದ ಎಣ್ಣೆ ಬೇಡ, ನೆಕ್ಕುತ್ತಾನೆ. ಅಡುಗೆ ಎಣ್ಣೆ ಒಂದು ತೊಟ್ಟು ಅಚ್ಚಿಗೆ ಬಿಟ್ಟು ಬಟ್ಟೆಯಿಂದ ಒರೆಸಿ. ವಾರಕ್ಕೊಮ್ಮೆ ಮಾಡಬೇಕಾಗುತ್ತದೆ.